ಗಾಮಾ ಪೈಲ್ವಾನ್

ಗಾಮಾ ಪೈಲ್ವಾನ್ (ಜನನ: 22 ಮೇ 1878, ಮರಣ: 23 ಮೇ 1960) ಅವಿಭಜಿತ ಭಾರತದ ಸುಪ್ರಸಿದ್ಧ ಕುಸ್ತಿಪಟು. ಇವರ ಮೂಲ ಹೆಸರು ಗುಲಾಮ್ ಮೊಹಮ್ಮದ್ ಬಕ್ಷ್ ಬಟ್. ಭಾರತದಲ್ಲಿ ರುಸ್ತುಮ್-ಎ-ಹಿಂದ್ ಎಂಬ ಬಿರುದಿನಿಂದಲೂ ಪಾಶ್ಚಾತ್ಯ ದೇಶಗಳಲ್ಲಿ ದಿ ಗ್ರೇಟ್ ಗಾಮಾ ಎಂಬ ಹೆಸರಿನಿಂದಲೂ ಪರಿಚಿತರು. 1910ರಲ್ಲಿ ಲಂಡನ್ನಿನಲ್ಲಿ ಜಾನ್ ಬುಲ್ ವಿಶ್ವ ಚಾಂಪಿಯನ್ ಪಟ್ಟವನ್ನು ಪಡೆದರು. ಸುದೀರ್ಘವಾದ ತಮ್ಮ ವೃತ್ತಿಜೀವನದಲ್ಲಿ ಒಮ್ಮೆಯೂ ಸೋಲದ ಪೈಲ್ವಾನರೆಂಬ ಖ್ಯಾತಿ ಇವರದು. ಆದರೆ ಅವರ ಕಾಲದ ವಿಶ್ವವಿಖ್ಯಾತ ಮಲ್ಲರಲ್ಲಿ ಹಲವರು ಅವರೊಡನೆ ಅಖಾಡಕ್ಕೆ ಇಳಿಯಲೇ ಇಲ್ಲ. ಆದ್ದರಿಂದ ಗೆದ್ದ ಕುಸ್ತಿಗಳಷ್ಟೇ ನಡೆಯದೆ ಉಳಿದ ಕುಸ್ತಿಗಳೂ ಗಾಮಾ ಅವರ ಜೀವನಚರಿತ್ರೆಯ ಭಾಗವಾಗಿವೆ.

ಬಾಲ್ಯ

ಗಾಮಾ ಅವರು ಪಂಜಾಬಿನ ಜಬ್ಬೋವಾಲ್ ಗ್ರಾಮದಲ್ಲಿ ಕಾಶ್ಮೀರಿ ಮೂಲದ ಮುಸ್ಲಿಂ ಕುಟುಂಬವೊಂದರಲ್ಲಿ ಜನಿಸಿದರು. ಕುಸ್ತಿ ಈ ಮನೆತನದ ವೃತ್ತಿಯಾಗಿತ್ತು. ತಂದೆ ಮೊಹಮ್ಮದ್ ಅಜೀಜ್ ಬಕ್ಷ್ ಸ್ವತಃ ಪೈಲ್ವಾನರು. ಗಾಮಾ ಅವರಿಗೆ ಸುಮಾರು ಆರು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅನಂತರ ತಾಯಿಯ ತಂದೆ ನೂನ್ ಪೈಲ್ವಾನರು ಬಾಲಕನ ಪಾಲನೆಯ ಹೊಣೆ ಹೊತ್ತರು. ಅವರೂ ಕಾಲವಾದ ಮೇಲೆ ಸೋದರಮಾವ ಈದಾ ಪೈಲ್ವಾನರು ಗಾಮಾ ಅವರಿಗೆ ಕ್ರಮಬದ್ಧವಾದ ತಾಲೀಮು ನೀಡಿದರು. ತಮ್ಮ ಇಮಾಮ್ ಬಕ್ಷ್ ಕೂಡ ಮುಂದೆ ಅಣ್ಣನಂತೆಯೇ ಹೆಸರಾಂತ ಪೈಲ್ವಾನರಾದರು.

ಜೋಧಪುರದ ಸ್ಪರ್ಧೆ

1888ರಲ್ಲಿ ಜೋಧಪುರದ ಮಹಾರಾಜರು ಬಲಶಾಲಿಗಳ ಸ್ಪರ್ಧೆಯೊಂದನ್ನು ಏರ್ಪಡಿಸಿದರು. ಕಠಿಣ ಅಂಗಸಾಧನೆಗಳನ್ನು, ಮುಖ್ಯವಾಗಿ ಬೈಠಕ್ ಅಥವಾ ಬಸ್ಕಿಯನ್ನು, ಯಾರು ಹೆಚ್ಚು ಹೊತ್ತು ಮಾಡಬಲ್ಲರು ಎಂಬುದೇ ಪರೀಕ್ಷೆಯಾಗಿತ್ತು. ದೇಶದ ನಾನಾ ಭಾಗಗಳಿಂದ ಬಂದಿದ್ದ ನಾಲ್ಕುನೂರಕ್ಕೂ ಹೆಚ್ಚು ಪೈಲ್ವಾನರ ನಡುವೆ ಹತ್ತು ವರ್ಷದ ಗಾಮಾ ಕೂಡ ನಿಂತಿದ್ದರು. ಕೊನೆಯವರೆಗೂ ಉಳಿದ ಹದಿನೈದು ಮಂದಿಯಲ್ಲಿ ಈ ಬಾಲಕನೂ ಒಬ್ಬನಾಗಿದ್ದುದನ್ನು ಕಂಡ ಮಹಾರಾಜರು, ಅವನ ವಯಸ್ಸನ್ನು ಗಮನಿಸಿ, ಅವನನ್ನೇ ವಿಜೇತನೆಂದು ಘೋಷಿಸಿದರು. ಆ ಬಳಿಕ ದತಿಯಾ ಸಂಸ್ಥಾನದ ಮಹಾರಾಜರು ಗಾಮಾ ಅವರಿಗೆ ಆಶ್ರಯ ಕೊಟ್ಟರು. ಆ ಕಾಲದಲ್ಲಿ ಪೈಲ್ವಾನನೊಬ್ಬನ ಆಹಾರ ಮತ್ತು ತಾಲೀಮಿನ ವೆಚ್ಚವನ್ನು ಸಾಮಾನ್ಯ ಕುಟುಂಬ ಭರಿಸುವುದು ಅಸಾಧ್ಯವಾಗಿತ್ತು. ಆದ್ದರಿಂದ ರಾಜಾಶ್ರಯವೇ ಕುಸ್ತಿಯ ಆಧಾರವಾಗಿತ್ತು.

ತಾಲೀಮು

ಗಾಮಾ ಅವರ ದಿನಚರಿಯ ಬಗ್ಗೆ ಅನೇಕ ಕಥೆಗಳು ಪ್ರಚಲಿತದಲ್ಲಿವೆ. ದಿನವೊಂದಕ್ಕೆ 5,000 ಬೈಠಕ್ ಮತ್ತು 3,000 ದಂಡ ಹೊಡೆಯುತ್ತಿದ್ದರು, ಗರಡಿಯಲ್ಲಿ ನಲವತ್ತು ಜೊತೆಗಾರರೊಂದಿಗೆ ಸರದಿಯಂತೆ ಸೆಣಸುತ್ತಿದ್ದರು ಎಂದು ಹೇಳಲಾಗುತ್ತದೆ. ಹಾಲು, ತುಪ್ಪ, ಬಾದಾಮಿ ಮತ್ತು ಮಾಂಸದ ಸಾರು ಅವರ ಆಹಾರದ ಮುಖ್ಯ ಭಾಗಗಳಾಗಿದ್ದವು. ಬರೋಡಾದ ಸಯಾಜಿ ಬಾಗ್ ವಸ್ತುಸಂಗ್ರಹಾಲಯದಲ್ಲಿ, 1902ರಲ್ಲಿ ಗಾಮಾ ಎತ್ತಿದರೆಂದು ಬರೆದಿರುವ ಕಲ್ಲೊಂದಿದೆ. ಅದರ ತೂಕ 1,200 ಕಿಲೋಗ್ರಾಂ ಎನ್ನುತ್ತಾರೆ. ಕುತ್ತಿಗೆಗೆ ಹಾಕಿಕೊಂಡು ಬೈಠಕ್ ಮಾಡುತ್ತಿದ್ದ ಹಸ್ಲಿ ಎಂಬ ಬಳೆಯಾಕಾರದ ಭಾರವೊಂದನ್ನು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ. ಅದು ಸುಮಾರು 95 ಕಿಲೋಗ್ರಾಂ ತೂಗುತ್ತದೆ. ಇಂತಹ ಸಂಖ್ಯೆಗಳು ಜನಮಾನಸದಲ್ಲಿ ಬೆಳೆದ ಕೀರ್ತಿಯನ್ನು ತೋರಿಸುತ್ತವೆ. ಗಾಮಾ ಅವರ ನಿಜವಾದ ಶಕ್ತಿಯನ್ನು ಅಳೆಯಲು ಅವರು ಆಡಿದ ಕುಸ್ತಿಗಳೇ ಹೆಚ್ಚು ವಿಶ್ವಾಸಾರ್ಹವಾದ ಸಾಕ್ಷ್ಯ.

ರಹೀಂ ಬಕ್ಷ್ ಎದುರು

ಯುವಕ ಗಾಮಾ ಅವರನ್ನು ದೇಶದ ಗಮನಕ್ಕೆ ತಂದ ಎದುರಾಳಿ ಗುಜ್ರಾನ್‌ವಾಲಾದ ರಹೀಂ ಬಕ್ಷ್ ಸುಲ್ತಾನಿವಾಲಾ. ರಹೀಂ ಏಳು ಅಡಿಗೆ ಸಮೀಪದ ಎತ್ತರದ, ಅನುಭವಿ ಪೈಲ್ವಾನ. ಗಾಮಾ ಅವರ ಎತ್ತರ ಸುಮಾರು 5 ಅಡಿ 7 ಅಂಗುಲ. ಗಾಮಾ ಸುಲಭವಾಗಿ ಸೋಲುವರೆಂದೇ ಪ್ರೇಕ್ಷಕರು ಭಾವಿಸಿದ್ದರು. ಗಂಟೆಗಟ್ಟಲೆ ನಡೆದ ಆ ಕುಸ್ತಿ ಸಮಬಲದಲ್ಲಿ ಮುಗಿಯಿತು. 1910ರ ವೇಳೆಗೆ ಗಾಮಾ ತಮಗೆದುರಾದ ಭಾರತದ ಪ್ರಮುಖ ಪೈಲ್ವಾನರನ್ನೆಲ್ಲ ಚಿತ್ ಮಾಡಿದ್ದರು. ರಹೀಂ ಒಬ್ಬರೇ ಬಾಕಿ ಉಳಿದಿದ್ದರು.

ಲಂಡನ್ ಪ್ರವಾಸ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯುರೋಪ್ ಮತ್ತು ಅಮೆರಿಕಗಳಲ್ಲಿ ವೃತ್ತಿಪರ ಕುಸ್ತಿ ಅತ್ಯಂತ ಜನಪ್ರಿಯ ಮನರಂಜನೆಯಾಗಿತ್ತು. ಲಂಡನ್ನಿನ ನಾಟಕಶಾಲೆಗಳಲ್ಲಿಯೂ ಟಿಕೆಟ್ ಇಟ್ಟು ಕುಸ್ತಿ ನಡೆಸಲಾಗುತ್ತಿತ್ತು. ವ್ಯವಸ್ಥಾಪಕರು ಪತ್ರಿಕೆಗಳ ಮೂಲಕ ಸವಾಲು ಹಾಕುವುದು, ಎದುರಾಳಿಗಳು ಅದನ್ನು ಸ್ವೀಕರಿಸುವುದು ಅಥವಾ ಜಾರಿಕೊಳ್ಳುವುದು ವಾಡಿಕೆಯಾಗಿತ್ತು. 1910ರಲ್ಲಿ ಆರ್. ಬಿ. ಬೆಂಜಮಿನ್ ಎಂಬ ವ್ಯವಸ್ಥಾಪಕರು ಗಾಮಾ, ಇಮಾಮ್ ಬಕ್ಷ್ ಮತ್ತಿತರ ಪೈಲ್ವಾನರನ್ನು ಇಂಗ್ಲೆಂಡಿಗೆ ಕರೆದೊಯ್ದರು.

ಎತ್ತರ ಸಾಲದೆಂಬ ಕಾರಣದಿಂದ ಗಾಮಾ ಅವರಿಗೆ ಅಲ್ಲಿ ಸ್ಪರ್ಧೆಯ ಪ್ರವೇಶ ಸಿಗಲಿಲ್ಲ. ಆಗ, ಯಾವುದೇ ತೂಕದ ಮೂವರು ಮಲ್ಲರನ್ನು ಮೂವತ್ತು ನಿಮಿಷದೊಳಗೆ ಕೆಡವಬಲ್ಲೆನೆಂಬ ಸವಾಲನ್ನು ಅವರ ಪರವಾಗಿ ಪ್ರಕಟಿಸಲಾಯಿತು. ಇದು ಕೇವಲ ಪ್ರಚಾರದ ತಂತ್ರವೆಂದು ತಿಳಿದು ಬಹಳ ಕಾಲ ಯಾರೂ ಮುಂದೆ ಬರಲಿಲ್ಲ. ಕೊನೆಗೆ ಸವಾಲನ್ನು ಸ್ವೀಕರಿಸಿದವರು ಅಮೆರಿಕದ ಬೆಂಜಮಿನ್ ರೋಲರ್. ವೃತ್ತಿಯಿಂದ ವೈದ್ಯರಾಗಿದ್ದ ರೋಲರ್ ಅವರನ್ನು ಗಾಮಾ ಮೊದಲ ಸುತ್ತಿನಲ್ಲಿ 1 ನಿಮಿಷ 40 ಸೆಕೆಂಡುಗಳಲ್ಲಿ, ಎರಡನೆಯ ಸುತ್ತಿನಲ್ಲಿ 9 ನಿಮಿಷ 10 ಸೆಕೆಂಡುಗಳಲ್ಲಿ ಚಿತ್ ಮಾಡಿದರು. ಇದೇ ಪ್ರವಾಸದಲ್ಲಿ ಇಮಾಮ್ ಬಕ್ಷ್ ಸ್ವಿಟ್ಜರ್ಲೆಂಡಿನ ಜಾನ್ ಲೆಮ್ ಅವರನ್ನು ಸೋಲಿಸಿದರು.

ಜಿಬಿಸ್ಕೊ ಜೊತೆಗಿನ ಕುಸ್ತಿ

1910ರ ಸೆಪ್ಟೆಂಬರ್ 10ರಂದು ಗಾಮಾ ಪೋಲೆಂಡಿನ ಸ್ಟಾನಿಸ್ಲಾಸ್ ಜಿಬಿಸ್ಕೊ ಅವರನ್ನು ಎದುರಿಸಿದರು. ಜಾನ್ ಬುಲ್ ಪಟ್ಟ ಮತ್ತು 250 ಪೌಂಡ್ ಬಹುಮಾನ ಪಣವಾಗಿದ್ದವು. ಜಿಬಿಸ್ಕೊ ಅಂದಿನ ಯುರೋಪಿನ ಅಗ್ರಗಣ್ಯ ಮಲ್ಲರಲ್ಲಿ ಒಬ್ಬರು ಹಾಗೂ ಗಾಮಾ ಅವರಿಗಿಂತ ತೂಕದಲ್ಲಿ ಬಹಳ ಹೆಚ್ಚಿನವರು. ಕುಸ್ತಿ ಆರಂಭವಾದ ಒಂದು ನಿಮಿಷದೊಳಗೆ ಗಾಮಾ ಅವರನ್ನು ನೆಲಕ್ಕೆ ಕೆಡವಿದರು. ಆದರೆ ಭುಜಗಳೆರಡನ್ನೂ ನೆಲಕ್ಕೆ ಮುಟ್ಟಿಸಿದಾಗ ಮಾತ್ರ ಗೆಲುವು. ಜಿಬಿಸ್ಕೊ ಚಾಪೆಗೆ ಅಂಟಿಕೊಂಡಂತೆ ಬೋರಲಾಗಿ ಉಳಿದು, ಸುಮಾರು 2 ಗಂಟೆ 35 ನಿಮಿಷಗಳ ಕಾಲ ಬಹುಮಟ್ಟಿಗೆ ರಕ್ಷಣೆಯಲ್ಲಿಯೇ ಕಳೆದರು. ಕತ್ತಲಾದಾಗ ಕುಸ್ತಿಯನ್ನು ನಿಲ್ಲಿಸಿ, ಫಲಿತಾಂಶಕ್ಕಾಗಿ ಸೆಪ್ಟೆಂಬರ್ 17ರಂದು ಮತ್ತೆ ಸೇರಲು ನಿಶ್ಚಯಿಸಲಾಯಿತು. ಅಂದು ಜಿಬಿಸ್ಕೊ ಬರಲಿಲ್ಲ. ಗಾಮಾ ಅವರನ್ನು ವಿಜೇತರೆಂದು ಘೋಷಿಸಿ ಪಟ್ಟ ಹಾಗೂ ಬಹುಮಾನವನ್ನು ನೀಡಲಾಯಿತು.

ಹೀಗೆ ವಿಶ್ವಪಟ್ಟ ದೊರೆತದ್ದು ಎದುರಾಳಿಯ ಗೈರುಹಾಜರಿಯಿಂದ. ಗಾಮಾ ಅವರ ಪರವಾಗಿ ಅಮೆರಿಕದ ಫ್ರಾಂಕ್ ಗಾಚ್, ರಷ್ಯನ್ ಸಾಮ್ರಾಜ್ಯದ ಜಾರ್ಜ್ ಹ್ಯಾಕೆನ್‌ಸ್ಮಿತ್, ಜಪಾನಿನ ತಾರೊ ಮಿಯಾಕೆ ಮೊದಲಾದವರಿಗೆ ಸವಾಲುಗಳು ಹೋದವು. ಯಾವುದೂ ಫಲಿಸಲಿಲ್ಲ. ಇಪ್ಪತ್ತು ಮಂದಿ ಇಂಗ್ಲಿಷ್ ಮಲ್ಲರನ್ನು ಒಬ್ಬರಾದ ಮೇಲೆ ಒಬ್ಬರಂತೆ ಎದುರಿಸುವ ಸವಾಲಿಗೂ ಯಾರೂ ಓಗೊಡಲಿಲ್ಲ. ವಸಾಹತುವಿನ ಪ್ರಜೆಯೊಬ್ಬರು ಸಾಮ್ರಾಜ್ಯದ ರಾಜಧಾನಿಯಲ್ಲಿ ಗೆದ್ದ ಸುದ್ದಿ ಭಾರತೀಯರಲ್ಲಿ ಅಪಾರ ಆತ್ಮವಿಶ್ವಾಸ ಮೂಡಿಸಿತು.

ರುಸ್ತುಮ್-ಎ-ಹಿಂದ್

ಸ್ವದೇಶಕ್ಕೆ ಮರಳಿದ ಗಾಮಾ ಅಲಹಾಬಾದಿನಲ್ಲಿ ಮತ್ತೆ ರಹೀಂ ಬಕ್ಷ್ ಅವರನ್ನು ಎದುರಿಸಿದರು. ದೀರ್ಘ ಸೆಣಸಾಟದ ನಂತರ ಗೆಲುವು ಗಾಮಾ ಅವರದಾಯಿತು, ರುಸ್ತುಮ್-ಎ-ಹಿಂದ್ ಬಿರುದೂ ಅವರಿಗೆ ಸಂದಿತು. ತಮ್ಮ ಎದುರಾಳಿಗಳಲ್ಲಿ ಅತ್ಯಂತ ಬಲಿಷ್ಠರು ರಹೀಂ ಎಂದೇ ಅವರು ಭಾವಿಸಿದ್ದರು. 1922ರಲ್ಲಿ ಭಾರತಕ್ಕೆ ಬಂದಿದ್ದ ವೇಲ್ಸ್ ರಾಜಕುಮಾರ ಗಾಮಾ ಅವರಿಗೆ ಬೆಳ್ಳಿಯ ಗದೆಯನ್ನು ನೀಡಿ ಗೌರವಿಸಿದರು.

ಪಟಿಯಾಲದ ಮರುಕುಸ್ತಿ

ಜಿಬಿಸ್ಕೊ 1921ರಲ್ಲಿಯೂ 1925ರಲ್ಲಿಯೂ ಅಮೆರಿಕದಲ್ಲಿ ಹೆವಿವೇಟ್ ವಿಶ್ವಪಟ್ಟವನ್ನು ಪಡೆದಿದ್ದರು. ಲಂಡನ್ನಿನಲ್ಲಿ ಅರ್ಧಕ್ಕೆ ನಿಂತ ಲೆಕ್ಕ ಚುಕ್ತಾ ಆಗಲು ಹದಿನೇಳು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ಅವರ ಆಶ್ರಯದಲ್ಲಿ 1928ರ ಜನವರಿಯಲ್ಲಿ ಇಬ್ಬರೂ ಮತ್ತೆ ಮುಖಾಮುಖಿಯಾದರು. ಈ ಬಾರಿ ಚಾಪೆಯ ಬದಲು ಭಾರತೀಯ ಪದ್ಧತಿಯ ಮಣ್ಣಿನ ಅಖಾಡವಿತ್ತು. ಇಬ್ಬರೂ ಐವತ್ತರ ಸಮೀಪದಲ್ಲಿದ್ದರು. ಹತ್ತಾರು ಸಾವಿರ ಜನರ ಎದುರು, ಒಂದು ನಿಮಿಷ ತುಂಬುವ ಮೊದಲೇ ಗಾಮಾ ಅವರು ಜಿಬಿಸ್ಕೊ ಅವರನ್ನು ಚಿತ್ ಮಾಡಿದರು. ಸೋತ ಜಿಬಿಸ್ಕೊ ಗಾಮಾ ಅವರ ಶಕ್ತಿಯನ್ನು ಮುಕ್ತಕಂಠದಿಂದ ಹೊಗಳಿದರು. 1929ರಲ್ಲಿ ಜೆಸ್ ಪೀಟರ್ಸನ್ ಅವರನ್ನು ಒಂದೂವರೆ ನಿಮಿಷದಲ್ಲಿ ಮಣಿಸಿದ್ದು ಗಾಮಾ ಅವರ ಕೊನೆಯ ಪ್ರಮುಖ ಕುಸ್ತಿಗಳಲ್ಲೊಂದು. ಆ ಬಳಿಕ ಅವರಿಗೆ ಸರಿಜೋಡಿ ಸಿಗುವುದೇ ಕಷ್ಟವಾಯಿತು.

ದೇಶ ವಿಭಜನೆ ಮತ್ತು ಕೊನೆಯ ದಿನಗಳು

1947ರ ವಿಭಜನೆಯ ಸಮಯದಲ್ಲಿ ಗಾಮಾ ಲಾಹೋರಿನ ಮೋಹಿನಿ ರಸ್ತೆಯಲ್ಲಿ ವಾಸವಾಗಿದ್ದರು. ಆ ಭಾಗದಲ್ಲಿ ಹಿಂದೂ ಕುಟುಂಬಗಳೂ ಇದ್ದವು. ಗಲಭೆಕೋರರು ನುಗ್ಗಿದಾಗ ಗಾಮಾ ತಮ್ಮ ಶಿಷ್ಯರೊಂದಿಗೆ ನೆರೆಹೊರೆಯವರಿಗೆ ಅಡ್ಡವಾಗಿ ನಿಂತರು. ಪರಿಸ್ಥಿತಿ ಕೈಮೀರಿದಾಗ ಆ ಕುಟುಂಬಗಳಿಗೆ ಕೆಲವು ದಿನಗಳಿಗೆ ಸಾಲುವಷ್ಟು ಆಹಾರ ಸಾಮಗ್ರಿ ಕೊಟ್ಟು, ಗಡಿಯವರೆಗೆ ಸುರಕ್ಷಿತವಾಗಿ ತಲುಪಿಸಿದರು. ಅವರ ಬಾಹುಬಲ ಬಹುಮಾನವಿಲ್ಲದೆ ಬಳಕೆಯಾದ ಸಂದರ್ಭ ಇದು. ಬದುಕಿನ ಅತಿ ದೊಡ್ಡ ಗೆಲುವೆಂದು ಇದನ್ನೇ ಪರಿಗಣಿಸುವವರೂ ಇದ್ದಾರೆ.

ಸಂಸ್ಥಾನಗಳ ಕಾಲ ಮುಗಿದಂತೆ ಅವರನ್ನು ಪೋಷಿಸಿದ್ದ ರಾಜಾಶ್ರಯವೂ ಮುಗಿಯಿತು. ಗಾಮಾ ಅವರ ಗಂಡುಮಕ್ಕಳು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡಿದ್ದರು. ವೃದ್ಧಾಪ್ಯದಲ್ಲಿ ಹೃದ್ರೋಗ ಮತ್ತು ಉಬ್ಬಸ ಅವರನ್ನು ಬಾಧಿಸಿದವು, ಔಷಧದ ವೆಚ್ಚಕ್ಕೂ ಹಣವಿಲ್ಲದ ಸ್ಥಿತಿ ಬಂತು. ಇದನ್ನು ತಿಳಿದ ಭಾರತದ ಉದ್ಯಮಿ ಘನಶ್ಯಾಮದಾಸ್ ಬಿರ್ಲಾ 2,000 ರೂಪಾಯಿಗಳ ನೆರವಿನ ಜೊತೆಗೆ ತಿಂಗಳಿಗೆ 300 ರೂಪಾಯಿಗಳ ವೇತನವನ್ನು ಗೊತ್ತುಮಾಡಿದರು. ಪಾಕಿಸ್ತಾನ ಸರ್ಕಾರವೂ ನೆರವು ನೀಡಿತು. 1960ರ ಮೇ 23ರಂದು, ಎಂಬತ್ತೆರಡು ವರ್ಷ ತುಂಬಿದ ಮರುದಿನ, ಗಾಮಾ ಲಾಹೋರಿನಲ್ಲಿ ನಿಧನರಾದರು.

ಪರಂಪರೆ ಮತ್ತು ಪ್ರಭಾವ

ಇಮಾಮ್ ಬಕ್ಷ್ ಅವರ ಮಕ್ಕಳಾದ ಭೋಲು ಮತ್ತು ಸಹೋದರರು ಪಾಕಿಸ್ತಾನದ ಕುಸ್ತಿಯಲ್ಲಿ ದೀರ್ಘಕಾಲ ಮುಂಚೂಣಿಯಲ್ಲಿದ್ದರು. ಅವರಲ್ಲೊಬ್ಬರಾದ ಅಕ್ರಮ್ 1976ರಲ್ಲಿ ಕರಾಚಿಯಲ್ಲಿ ಜಪಾನಿನ ವೃತ್ತಿಪರ ಕುಸ್ತಿಪಟು ಆಂಟೋನಿಯೊ ಇನೋಕಿ ಎದುರು ಸೋತರು. 1979ರಲ್ಲಿ ಇದೇ ಕುಟುಂಬದ ಝಾರಾ ಲಾಹೋರಿನಲ್ಲಿ ಇನೋಕಿ ಅವರೊಂದಿಗೆ ಸೆಣಸಿದರು. ಪಾಕಿಸ್ತಾನದ ಪ್ರಧಾನಿಯಾಗಿದ್ದ ನವಾಜ್ ಷರೀಫ್ ಅವರ ಪತ್ನಿ ಕುಲ್ಸುಮ್ ನವಾಜ್, ಗಾಮಾ ಅವರ ಮೊಮ್ಮಗಳು. ಸಮರಕಲೆಯ ನಟ ಬ್ರೂಸ್ ಲೀ ಗಾಮಾ ಅವರ ವ್ಯಾಯಾಮ ಕ್ರಮವನ್ನು ಆಸಕ್ತಿಯಿಂದ ಅಭ್ಯಸಿಸಿದ್ದರು. 2022ರ ಮೇ 22ರಂದು ಗೂಗಲ್ ಡೂಡಲ್ ಮೂಲಕ ಗಾಮಾ ಅವರನ್ನು ಸ್ಮರಿಸಿತು.

ಕನ್ನಡ ನಾಡಿನ ಗರಡಿಗಳಿಗೂ ಈ ಪರಂಪರೆ ಅಪರಿಚಿತವಲ್ಲ. ಗಡಿಯಾಚೆಯ ಕೊಲ್ಹಾಪುರದಲ್ಲಿ ಶಾಹು ಮಹಾರಾಜರು ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನ 1912ರಲ್ಲಿ ಆರಂಭವಾದಾಗ, ಅಲ್ಲಿ ಸೆಣಸಿ ಗೆದ್ದವರಲ್ಲಿ ಇಮಾಮ್ ಬಕ್ಷ್ ಪ್ರಮುಖರು. ಉತ್ತರ ಕರ್ನಾಟಕದ ಅನೇಕ ಪೈಲ್ವಾನರು ಕೊಲ್ಹಾಪುರದ ತಾಲೀಮುಗಳಲ್ಲಿ ಪಳಗಿದವರು. ಮೈಸೂರು ದಸರೆಯಲ್ಲಿ, ಬೀದರ್ ಜಿಲ್ಲೆಯ ಔರಾದಿನ ಅಮರೇಶ್ವರ ಜಾತ್ರೆಯಂತಹ ಉತ್ಸವಗಳಲ್ಲಿ ಇಂದಿಗೂ ಮಣ್ಣಿನ ಕುಸ್ತಿ ನಡೆಯುತ್ತದೆ. ಅರಸರ ಆಶ್ರಯ ಹೋದ ಮೇಲೆ ಈ ಕಲೆಯನ್ನು ಉಳಿಸಿಕೊಂಡು ಬಂದಿರುವುದು ಬಹುಮಟ್ಟಿಗೆ ಇಂತಹ ಜಾತ್ರೆಗಳು ಮತ್ತು ಊರಿನವರು ಕೂಡಿಸಿ ಕೊಡುವ ಬಹುಮಾನಗಳು.