ಪ್ಲೇಗ್ ಲಸಿಕೆಯ ಹಾಫ್‌ಕಿನ್

ಮಕ್ಕಳೇ, 1896ರಲ್ಲಿ ಮುಂಬಯಿಯಲ್ಲಿ ಪ್ಲೇಗ್ ಎಂಬ ಭೀಕರ ರೋಗ ಕಾಣಿಸಿಕೊಂಡಿತು. ಗೋಕಾಕ, ಹುಕ್ಕೇರಿ, ಮೂಡಲಗಿ ಇರುವ ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ರೋಗ ನಮ್ಮ ಸೀಮೆಗೂ ಹಬ್ಬಿತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಸಾಕು, ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು.

ಈ ರೋಗಕ್ಕೆ ಲಸಿಕೆ ಕಂಡುಹಿಡಿದವರು ವಾಲ್ಡೆಮಾರ್ ಹಾಫ್‌ಕಿನ್. ಅವರು 1860ರಲ್ಲಿ ಕಪ್ಪು ಸಮುದ್ರದ ದಡದ ಒಡೆಸ್ಸಾ ನಗರದಲ್ಲಿ ಜನಿಸಿದರು. ಅವರ ಗುರು ಮೆಚ್ನಿಕಾಫ್. ಮೆಚ್ನಿಕಾಫ್ 1882ರಲ್ಲಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ದೇಹದ ಜೀವಕೋಶಗಳು ಮುಳ್ಳಿನ ಸುತ್ತ ಮುತ್ತಿಗೆ ಹಾಕಿದ್ದವು! ಇವು ದೇಹದ ಕಾವಲುಗಾರರು. ಇಂದು ವಿಜ್ಞಾನಿಗಳು ತಿಮಿಂಗಿಲ, ಡಾಲ್ಫಿನ್‌ಗಳ ರಕ್ತದಲ್ಲೂ ಇಂತಹ ಕಣಗಳನ್ನು ಪರೀಕ್ಷಿಸುತ್ತಾರೆ.

ಹಾಫ್‌ಕಿನ್ 1893ರಲ್ಲಿ ಕಾಲರಾ ಲಸಿಕೆಯೊಂದಿಗೆ ಭಾರತಕ್ಕೆ ಬಂದರು. ಪ್ಲೇಗ್ ಬಂದಾಗ ಮುಂಬಯಿಯ ಒಂದು ಪುಟ್ಟ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಕುಳಿತರು. ಅವರ ಉಪಕರಣಗಳು ಸರಳವಾಗಿದ್ದವು. ಗಾಜಿನ ಸೀಸೆಯ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರು. ಪ್ಲೇಗಿನ ರೋಗಾಣುಗಳು ಅದರ ಕೆಳಗೆ ಬಿಳಲಿನಂತೆ ಜೋತು ಬೆಳೆದವು. ಅವನ್ನು ಕಾಯಿಸಿ ಕೊಂದು ಲಸಿಕೆ ಮಾಡಿದರು. ಸತ್ತ ರೋಗಾಣುಗಳನ್ನು ಕಂಡ ದೇಹವು ನಿಜವಾದ ರೋಗವನ್ನು ಎದುರಿಸಲು ಮೊದಲೇ ಸಿದ್ಧವಾಗುತ್ತದೆ.

ಮೊದಲು ಮೊಲಗಳ ಮೇಲೆ ಪರೀಕ್ಷೆ ನಡೆಯಿತು. 1897ರ ಜನವರಿ 10ರಂದು ಹಾಫ್‌ಕಿನ್ ತಮಗೇ ಲಸಿಕೆ ಚುಚ್ಚಿಸಿಕೊಂಡರು. ಜ್ವರ, ನೋವು ಬಂದರೂ ಕೆಲಸ ನಿಲ್ಲಿಸಲಿಲ್ಲ. ನಂತರ ಬೈಕುಲಾ ಜೈಲಿನಲ್ಲಿ ಒಪ್ಪಿದವರಿಗೆ ಲಸಿಕೆ ಹಾಕಿ, ಹಾಕಿಸಿಕೊಳ್ಳದವರೊಂದಿಗೆ ಹೋಲಿಸಿದರು. ಲಸಿಕೆ ಪಡೆದವರಲ್ಲಿ ರೋಗ ಕಡಿಮೆ ಇತ್ತು. 1898ರಲ್ಲಿ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಲಸಿಕೆ ಹಾಕಿಸಿಕೊಂಡರು.

ಆದರೆ 1902ರಲ್ಲಿ ಪಂಜಾಬಿನ ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಪಡೆದ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪನ್ನು ಹಾಫ್‌ಕಿನ್ ಮೇಲೆ ಹೊರಿಸಿ, ಅವರನ್ನು ಕೆಲಸದಿಂದ ದೂರ ಇಡಲಾಯಿತು. ಸತ್ತವರೆಲ್ಲರಿಗೂ ಒಂದೇ ಸೀಸೆಯ ಲಸಿಕೆ ಹಾಕಲಾಗಿತ್ತು. ಆ ಸೀಸೆ ತೆರೆಯುವಾಗ ಇಕ್ಕಳ ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧ ಮಾಡಿರಲಿಲ್ಲ! ಪ್ರಯೋಗಾಲಯದ ತಪ್ಪಿಲ್ಲವೆಂದು ಸಾಬೀತಾಗಿ, ಹಾಫ್‌ಕಿನ್ ಆರೋಪದಿಂದ ಮುಕ್ತರಾಗುವ ಹೊತ್ತಿಗೆ 1907 ಆಗಿತ್ತು.

1925ರಲ್ಲಿ ಮುಂಬಯಿಯ ಪ್ರಯೋಗಾಲಯಕ್ಕೆ ಅವರ ಹೆಸರನ್ನೇ ಇಡಲಾಯಿತು. 1930ರಲ್ಲಿ ಅವರು ಸ್ವಿಟ್ಜರ್ಲೆಂಡಿನಲ್ಲಿ ನಿಧನರಾದರು.

ಮಕ್ಕಳೇ, ಪ್ಲೇಗಿಗೆ ಈಗ ಔಷಧಿಗಳಿವೆ. ಹಿಂದೆ ಊರು ಬಿಟ್ಟು ಹೊಲಕ್ಕೆ ಹೋದವರ ಕಥೆ ನಿಮ್ಮ ಊರಿನಲ್ಲೂ ಇರಬಹುದು. ಹಿರಿಯರನ್ನು ಕೇಳಿ ಬರೆದಿಡಿ.