ಕಮಲಾದೇವಿ ಸೋತ ಚುನಾವಣೆ

ಕಮಲಾದೇವಿ ಚಟ್ಟೋಪಾಧ್ಯಾಯ ಎಂದೊಡನೆ ನಮಗೆ ನೆನಪಾಗುವುದು ಕರಕುಶಲ ಕಲೆಗಳ ಪುನರುಜ್ಜೀವನ. 1926ರಲ್ಲಿ ಅವರು ಮಂಗಳೂರಿನಿಂದ ಮದರಾಸು ಶಾಸನ ಪರಿಷತ್ತಿಗೆ ಸ್ಪರ್ಧಿಸಿ ಸೋತ ಪ್ರಸಂಗ ಸಾಮಾನ್ಯವಾಗಿ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಆ ಸೋಲಿಗೆ ಇನ್ನಷ್ಟು ಗಮನ ಸಲ್ಲಬೇಕಿತ್ತು.

1903ರಲ್ಲಿ ಮಂಗಳೂರಿನ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದ ಕಮಲಾದೇವಿಗೆ ಏಳು ವರ್ಷವಾಗಿದ್ದಾಗ, ಸರ್ಕಾರದ ಹಿರಿಯ ಅಧಿಕಾರಿಯಾಗಿದ್ದ ತಂದೆ ಅನಂತಯ್ಯ ಧಾರೇಶ್ವರ ಉಯಿಲು ಬರೆಯದೆ ತೀರಿಕೊಂಡರು. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮಲಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಗೆ ಉಳಿದದ್ದು ಮಾಸಾಶನ. ಆಕೆ ಅದನ್ನು ತಿರಸ್ಕರಿಸಿ, ತವರಿನಿಂದ ತಂದ ಸೊತ್ತಿನಲ್ಲೇ ಹೆಣ್ಣುಮಕ್ಕಳನ್ನು ಬೆಳೆಸಿದರು. ಮುಂದೆ ಕಮಲಾದೇವಿ ಬಾಲವಿಧವೆಯಾದದ್ದು, ಹರೀಂದ್ರನಾಥರನ್ನು ಮದುವೆಯಾಗಿ ಸಂಪ್ರದಾಯಸ್ಥರ ಕೆಂಗಣ್ಣಿಗೆ ಗುರಿಯಾದದ್ದು ಎಲ್ಲರೂ ಬಲ್ಲ ಕತೆ.

1919ರ ಸುಧಾರಣಾ ಕಾಯ್ದೆಯಡಿ ಮತದಾನದ ಹಕ್ಕು ಮುಖ್ಯವಾಗಿ ಭೂಕಂದಾಯ, ಪುರಸಭೆಯ ತೆರಿಗೆ ಅಥವಾ ಆದಾಯ ತೆರಿಗೆ ಕಟ್ಟುವವರದಾಗಿತ್ತು. ಪ್ರಾಂತ್ಯದ ಜನಸಂಖ್ಯೆಯಲ್ಲಿ ಮತದಾರರ ಪ್ರಮಾಣ ಶೇ 3ರ ಆಸುಪಾಸು. ಬ್ರಿಟಿಷ್ ಆಡಳಿತದ ಪ್ರಾಂತ್ಯಗಳಲ್ಲಿ ಮೊದಲಿಗೆ, 1921ರಲ್ಲಿ, ಮಹಿಳೆಯರಿಗೂ ಆ ಹಕ್ಕು ನೀಡಿದ ಕೀರ್ತಿ ಮದರಾಸಿನದು. ಆದರೆ ತೆಗೆದುಹಾಕಿದ್ದು ಲಿಂಗದ ನಿರ್ಬಂಧವನ್ನು ಮಾತ್ರ. ಆಸ್ತಿಯ ಷರತ್ತು ಹಾಗೆಯೇ ಉಳಿಯಿತು. ಗಿರಿಜಾಬಾಯಿಯಂತೆ ಗಂಡನ ಆಸ್ತಿ ಕೈತಪ್ಪಿದ ವಿಧವೆಯರಿಗೆ ಆ ಹಕ್ಕು ಕಾಗದದ ಮೇಲಷ್ಟೆ. ಅಳಿಯಸಂತಾನ ಪದ್ಧತಿಯಿದ್ದ ದಕ್ಷಿಣ ಕನ್ನಡದ ಕುಟುಂಬಗಳಲ್ಲೂ ಆಸ್ತಿಯ ಆಡಳಿತ ಸಾಮಾನ್ಯವಾಗಿ ಗಂಡಸಿನ ಕೈಯಲ್ಲೇ ಇತ್ತೆಂಬುದನ್ನು ಮರೆಯಬಾರದು.

ಮಹಿಳೆಯರೂ ಪರಿಷತ್ತಿನ ಸದಸ್ಯರಾಗಬಹುದೆಂಬ ನಿಯಮ ಬಂದದ್ದು 1926ರಲ್ಲಿ. ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಸೆಯಿಂದ 23ರ ಕಮಲಾದೇವಿ ಪಕ್ಷೇತರರಾಗಿ ಕಣಕ್ಕಿಳಿದರು. ಶಾಸನಸಭೆಗೆ ಸ್ಪರ್ಧಿಸಿದ ಮೊದಲ ಭಾರತೀಯ ಮಹಿಳೆ ಎಂದೇ ಅವರನ್ನು ಗುರುತಿಸಲಾಗುತ್ತದೆ. ಪ್ರಚಾರಕ್ಕೆ ಸಿಕ್ಕ ಕಾಲ ಅತ್ಯಲ್ಪ; ಮತ ಹಾಕುವವರಲ್ಲಿ ಬಹುಪಾಲು ಆಸ್ತಿವಂತ ಗಂಡಸರು. ಆದರೂ ಅವರು ಸೋತದ್ದು ಕೂದಲೆಳೆಯ ಅಂತರದಿಂದ. ಆ ಪರಿಷತ್ತಿನ ಮೊದಲ ಸದಸ್ಯೆಯಾಗಿ ಮುತ್ತುಲಕ್ಷ್ಮಿ ರೆಡ್ಡಿ ಪ್ರವೇಶಿಸಿದ್ದು ಮತದಾರರ ಮೂಲಕವಲ್ಲ, ಸರ್ಕಾರದ ನಾಮಕರಣದ ಮೂಲಕ.

ಕಮಲಾದೇವಿ ಅಖಿಲ ಭಾರತ ಮಹಿಳಾ ಸಮ್ಮೇಳನವನ್ನು ಕಟ್ಟುವ ಕೆಲಸಕ್ಕೆ ತೊಡಗಿದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು ಸೇರಿದರು. ವಯಸ್ಕರೆಲ್ಲರಿಗೂ ಮತದಾನದ ಹಕ್ಕು ಬೇಕೆಂಬುದು ಮಹಿಳಾ ಸಂಘಟನೆಗಳ ಬೇಡಿಕೆಯಾಗಿತ್ತು. 1935ರ ಕಾಯ್ದೆ ಕೊಟ್ಟದ್ದು ಅಕ್ಷರಸ್ಥ ಮಹಿಳೆಯರಿಗೆ ಹಾಗೂ ಆಸ್ತಿವಂತರ ಪತ್ನಿಯರಿಗೆ ಮತ. ಎಲ್ಲ ಮಹಿಳೆಯರೂ ಮತಗಟ್ಟೆಗೆ ಹೋಗುವಂತಾದದ್ದು 1951–52ರ ಚುನಾವಣೆಯಲ್ಲಿ. ಉಯಿಲಿಲ್ಲದೆ ಗತಿಸಿದ ಗಂಡನ ಆಸ್ತಿಯಲ್ಲಿ ಹಿಂದೂ ವಿಧವೆಗೆ ಮಕ್ಕಳ ಸಮಕ್ಕೆ ಪೂರ್ಣ ಒಡೆತನದ ಪಾಲು ದೊರೆಯಲು 1956ರವರೆಗೆ ಕಾಯಬೇಕಾಯಿತು.