ಬೆಳಕಿನ ಜಾಡು ಹಿಡಿದ ರಾಮನ್ನರು

ತಿರುಚಿನಾಪಳ್ಳಿಯ ಬಳಿಯ ತಿರುವಾನೈಕಾವಲಿನಲ್ಲಿ 1888ನೆಯ ಇಸವಿ ನವೆಂಬರ್ 7ರಂದು ಜನಿಸಿದ ಚಂದ್ರಶೇಖರ ವೆಂಕಟರಾಮನ್ನರ ಮನೆಮಾತು ತಮಿಳು. ಆದರೆ ಬಾಳಿನ ಕೊನೆಯ ಮೂವತ್ತೇಳು ವರ್ಷಗಳನ್ನು ಅವರು ಕಳೆದುದು ಬೆಂಗಳೂರಿನಲ್ಲಿ. ಹೊಸಿಲಿನ ಒಳಗೊಂದು ನುಡಿ, ಹೊರಗೊಂದು ನುಡಿ. ಗಡಿನಾಡಿನವರಾದ ನಮಗೆ ಇದು ಹೊಸದಲ್ಲ.

1907ರಲ್ಲಿ ಎಂ.ಎ. ಮುಗಿಸಿ ಅವರು ಕಲಕತ್ತೆಯಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾದರು. ಹಗಲು ಲೆಕ್ಕಪತ್ರ, ಮುಂಜಾನೆ ಸಂಜೆಗಳಲ್ಲಿ ಬೌಬಜಾರಿನ ವಿಜ್ಞಾನ ಸಂಘದ ಪ್ರಯೋಗಶಾಲೆ. ಹತ್ತು ವರ್ಷಗಳ ಮೇಲೆ ಆ ಅಧಿಕಾರವನ್ನು ತೊರೆದು, ಕಡಮೆ ಸಂಬಳದ ಪ್ರಾಧ್ಯಾಪಕ ಪದವಿಯನ್ನು ಒಪ್ಪಿಕೊಂಡರು. ಇದೆಂಥ ಸಾಹಸವೆಂಬುದನ್ನು ಸಂಸಾರಸ್ಥರೇ ಬಲ್ಲರು.

1921ರಲ್ಲಿ ಹಡಗಿನಲ್ಲಿ ಪಯಣಿಸುವಾಗ ಮೆಡಿಟರೇನಿಯನ್ ಕಡಲಿನ ನೀಲಿ ಅವರ ಮನಸ್ಸನ್ನು ಸೆಳೆಯಿತು. ಅದು ಬರಿಯ ಆಕಾಶದ ಪ್ರತಿಬಿಂಬವಲ್ಲ, ನೀರೇ ಬೆಳಕನ್ನು ಚದುರಿಸುತ್ತದೆಯೆಂದು ಅವರು ಕಂಡುಕೊಂಡರು. ಆ ಜಾಡನ್ನೇ ಹಿಡಿದು, 1928ರ ಫೆಬ್ರವರಿ 28ರಂದು, ದ್ರವಗಳಿಂದ ಚದುರಿದ ಬೆಳಕಿನಲ್ಲಿ ಒಂದು ಅತ್ಯಲ್ಪ ಭಾಗವು ತನ್ನ ಬಣ್ಣವನ್ನೇ ಬದಲಿಸಿಕೊಳ್ಳುವುದನ್ನು ಖಚಿತಪಡಿಸಿಕೊಂಡರು. ಜೊತೆಯಲ್ಲಿ ಹಗಲಿರುಳು ದುಡಿದ ಕೆ.ಎಸ್. ಕೃಷ್ಣನ್ನರನ್ನು ಇಲ್ಲಿ ನೆನೆಯದಿರುವುದು ಅನ್ಯಾಯವೆಂದು ನಾವು ಭಾವಿಸುತ್ತೇವೆ. ಅದೇ ದಿನಗಳಲ್ಲಿ ಮಾಸ್ಕೋದ ವಿಜ್ಞಾನಿಗಳೂ ಸ್ಫಟಿಕದಲ್ಲಿ ಇದನ್ನೇ ಕಂಡಿದ್ದರು; ಆದರೆ ಪ್ರಕಟಣೆಯಲ್ಲಿ ಹಿಂದುಳಿದರು. ರಾಮನ್ನರು ಮಾರ್ಚ್ 16ರಂದು ಬೆಂಗಳೂರಿನ ಸಭೆಯಲ್ಲಿಯೇ ವಿಷಯವನ್ನು ವಿವರಿಸಿದರು. 1930ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

1933ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಆಡಳಿತದ ಭಿನ್ನಾಭಿಪ್ರಾಯಗಳಿಂದ 1937ರಲ್ಲಿ ಆ ಪದವಿ ಕಳಚಿತಾದರೂ ಪ್ರಾಧ್ಯಾಪಕರಾಗಿ 1948ರವರೆಗೆ ಅಲ್ಲಿಯೇ ಉಳಿದರು. ಬಳಿಕ ತಮ್ಮದೇ ಸಂಶೋಧನಾಲಯದಲ್ಲಿ ನೆಲೆಸಿದರು. 1954ರಲ್ಲಿ ಭಾರತರತ್ನರಾದರು. 1970ರ ನವೆಂಬರ್ 21ರಂದು ತೀರಿಕೊಂಡಾಗ, ಆ ಸಂಶೋಧನಾಲಯದ ತೋಟದಲ್ಲಿಯೇ ದಹನಸಂಸ್ಕಾರ ನಡೆಯಿತು.

ಬಣ್ಣದ ಈ ಬದಲಾವಣೆ ಒಂದೊಂದು ವಸ್ತುವಿಗೆ ಒಂದೊಂದು ಬಗೆ, ಹೆಬ್ಬೆಟ್ಟಿನ ಗುರುತಿನಂತೆ. ಆದರೆ ಬೆಳಕಿನ ಕೋಟಿ ಕಣಗಳಲ್ಲಿ ಸುಮಾರು ಒಂದು ಮಾತ್ರ ಹೀಗೆ ಬದಲಾಗುವುದು! 1960ರಲ್ಲಿ ಲೇಸರ್ ಬಂದ ಮೇಲೆಯೇ ಆ ಕ್ಷೀಣ ಬೆಳಕಿಗೆ ಬಲ ಬಂದದ್ದು. 1975ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಅದಕ್ಕೆ ಸೂಕ್ಷ್ಮದರ್ಶಕವನ್ನು ಜೋಡಿಸಿದರು. ಮುಂದೆ ಬಂದ ಕಾನ್‌ಫೋಕಲ್ ಯಂತ್ರದಲ್ಲಿ ಬೆಳಕಿನ ದಾರಿಗೆ ಸೂಜಿಮೊನೆಯಷ್ಟು ಕಿರಿದಾದ ರಂಧ್ರವೊಂದನ್ನು ಇಟ್ಟರು. ಮಸೂರವು ನೆಟ್ಟ ಬಿಂದುವಿನಿಂದ ಹೊರಟ ಬೆಳಕು ಮಾತ್ರ ಅದರೊಳಗೆ ತೂರುತ್ತದೆ. ಮೇಲಿನ ಕೆಳಗಿನ ಪದರಗಳದು ಬಹುಮಟ್ಟಿಗೆ ಹೊರಗೇ ಉಳಿಯುತ್ತದೆ. ಬಿಂದುವಿನಿಂದ ಬಿಂದುವಿಗೆ ಸರಿಯುತ್ತ ಹೋದರೆ, ಯಾವ ವಸ್ತು ಎಲ್ಲಿದೆಯೆಂಬ ನಕ್ಷೆಯೇ ಮೂಡುತ್ತದೆ. 1990ರಲ್ಲಿ ಈ ಯಂತ್ರದಿಂದ ಒಂದೇ ಒಂದು ಜೀವಂತ ಕೋಶವನ್ನು ಪರೀಕ್ಷಿಸಿದರು. ಅದಕ್ಕೆ ಬಣ್ಣ ಹಚ್ಚಿರಲಿಲ್ಲ, ಅದನ್ನು ಕೊಯ್ದೂ ಇರಲಿಲ್ಲ.